ಮಂಜು ಕರಗಿದ ಮೇಲೆ ಬರುತ್ತಿದ್ದ ವೈರ್‌ಲೆಸ್ ಗೌಡ್ರು

ವೈರ್‌ಲೆಸ್ ಗೌಡ್ರು ತೀರಿಕೊಂಡರು ಅಂತ ಸುದ್ದಿ ಬಂದಾಗ ನಾನು ಎಸ್ಟೇಟ್ ಆಫೀಸಿನಲ್ಲಿ ಮಸ್ಟರ್, ಅಂದರೆ ಕೆಲಸದವರ ಬೆಳಗಿನ ಹಾಜರಿ, ಮುಗಿಸಿ ಉಪ್ಪಿಟ್ಟು ತಿನ್ನುತ್ತಿದ್ದೆ. ಬೆಳೆಗಾರರ ವಾಟ್ಸಾಪ್ ಗುಂಪಿನಲ್ಲಿ ಒಬ್ಬರ ಹಿಂದೆ ಒಬ್ಬರು ಕೈಮುಗಿದ ಚಿತ್ರ ಹಾಕತೊಡಗಿದರು. ‘ವೈರ್‌ಲೆಸ್ ಲೋಕದ ಭೀಷ್ಮ’ ಅಂತ ಒಬ್ಬರು ಬರೆದರು. ‘ಆನೆಯ ಕಾಲಡಿಯಿಂದ ಬಡ ಕಾರ್ಮಿಕರನ್ನು ಎತ್ತಿ ತಂದ ಪುಣ್ಯಾತ್ಮ’ ಅಂತ ಇನ್ನೊಬ್ಬರು. ‘ಅವರ ಕೈ ತಾಗಿದರೆ ಸಾಕು, ಎಂಥ ಕೆಟ್ಟ ಮೆಷೀನೂ ಮಾತಾಡುತ್ತಿತ್ತು’ ಅಂತ ನಮ್ಮ ಸಾಹುಕಾರರೇ ಬರೆದರು. ಅದನ್ನು ಓದಿ ನನಗೆ ಉಪ್ಪಿಟ್ಟು ನೆತ್ತಿಗೇರಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿದ ಜೀಪ್ ಡ್ರೈವರ್ ನಾನು ಅಳುತ್ತಿದ್ದೇನೆ ಅಂದುಕೊಂಡು ತಾನೂ ಟೋಪಿ ತೆಗೆದ.

ಅಳು ಬಂದಿರಲಿಲ್ಲ. ಸಿಟ್ಟು ಬಂದಿತ್ತು. ಆ ಮನುಷ್ಯ ಬದುಕಿದ್ದಷ್ಟು ದಿನ ನನ್ನ ತಲೆ ತಿಂದರು, ಸತ್ತ ಮೇಲೆ ಪುಣ್ಯಾತ್ಮ ಆಗಿ ಕೂತರು.

ಅವರ ಹೆಸರು ಬರೆಯುವುದಿಲ್ಲ. ಹೆಂಡತಿ ಇದ್ದಾರೆ, ಬೀಗರು ಇದ್ದಾರೆ, ಸಂಪಾಜೆಯಲ್ಲಿ ಅರ್ಧ ಊರು ಅವರ ನೆಂಟರೇ. ಚೆಟ್ಟಳ್ಳಿ ಕಡೆಯ ತೋಟಗಳಲ್ಲಿ ಅವರ ಹೆಸರು ಯಾರಿಗೂ ಬೇಕಾಗಿಯೂ ಇರಲಿಲ್ಲ. ವೈರ್‌ಲೆಸ್ ಗೌಡ್ರು ಅಂದರೆ ಸಾಕು, ಎಲ್ಲರ ಕಣ್ಣ ಮುಂದೂ ಒಂದು ಸ್ಕೂಟರು, ಶರ್ಟಿನ ಜೇಬಿನಿಂದ ಇಣುಕುವ ಟೆಸ್ಟರು, ಸೊಂಟದಲ್ಲಿ ಕರೀ ಇನ್ಸುಲೇಷನ್ ಟೇಪಿನ ಸುರುಳಿ ಬರುತ್ತಿತ್ತು. ಆ ಟೇಪು ಅವರ ಬಳೆ ಇದ್ದ ಹಾಗೆ, ಯಾವಾಗಲೂ ಮೈಮೇಲೆ. ಕಾಫಿ ತೋಟದ ನಡುವೆ ನಿಂತು ‘ನಂಗೆ ಕಾಫಿ ಆಗುದಿಲ್ಲೆ, ಟೀ ಇದ್ದರೆ ಕೊಡಿ’ ಅನ್ನುವ ಧೈರ್ಯ ಕೊಡಗಿನಲ್ಲಿ ನನಗೆ ಗೊತ್ತಿದ್ದ ಹಾಗೆ ಅವರೊಬ್ಬರಿಗೇ ಇದ್ದದ್ದು. ಬೇಕಾದ್ದು ಟೀ ಆದರೆ ನಾನು ‘ತಂಗೀ’. ನಾನು ಏನಾದರೂ ಪ್ರಶ್ನೆ ಕೇಳಿದರೆ ‘ಮೇಡಂ’.

ನಾನು ಶನಿವಾರಸಂತೆ ಕಡೆಯ ಅಂಗಡಿ ಮನೆಯವಳು. ಎಸ್ಟೇಟಿಗೆ ಹೆಂಗಸು ರೈಟರ್ ಬಂದಳು ಅಂತ ಮೊದಲು ಎಲ್ಲರೂ ಮೂಗಿನ ಮೇಲೆ ಬೆರಳಿಟ್ಟರು, ಆಮೇಲೆ ನನ್ನ ಬಾಯಿ ಕೇಳಿ ಬೆರಳು ತೆಗೆದರು. ಕೆಲಸದವರ ಹಾಜರಿ, ಕೊಯ್ದ ಹಣ್ಣಿನ ತೂಕ, ಜೀಪಿನ ಓಡಾಟ ಎಲ್ಲ ನೋಡುವುದರ ಜೊತೆಗೆ ವೈರ್‌ಲೆಸ್ ಸೆಟ್ಟೂ ನನ್ನ ಮೇಜಿಗೇ ಬಂತು. ನಮ್ಮ ತೋಟದ ಕೆಳಗಿನ ಬ್ಲಾಕುಗಳಲ್ಲಿ ಮೊಬೈಲ್ ಹಿಡಿದುಕೊಂಡು ಮರ ಹತ್ತಿದರೂ ಸಿಗ್ನಲ್ ಸಿಗುವುದಿಲ್ಲ. ಹೊಳೆ ಆಚೆ ಕಾಡು. ಆನೆಗಳಿಗೆ ಕಾಡು ಎಲ್ಲಿ ಮುಗಿಯಿತು, ಸಾಹುಕಾರರ ಪಹಣಿ ಎಲ್ಲಿ ಶುರುವಾಯಿತು ಅನ್ನುವುದು ಗೊತ್ತಿಲ್ಲ. ಹಾಗಾಗಿ ಆನೆ ಕಾವಲಿನವನ ಕೈಯಲ್ಲಿ ಒಂದು ಸೆಟ್ಟು, ಪ್ರತಿ ಗ್ಯಾಂಗಿನ ಮೇಸ್ತ್ರಿಯ ಕೈಯಲ್ಲಿ ಒಂದು ಸೆಟ್ಟು. ಆಫೀಸಿನ ಹಿಂದಿನ ಕೋಣೆಯಲ್ಲಿ ಒಂದು ದೊಡ್ಡ ಪೆಟ್ಟಿಗೆ. ಅದೇ ಆಂಪ್ಲಿಫೈಯರ್. ಈ ಸಣ್ಣ ಸೆಟ್ಟುಗಳ ದನಿಯನ್ನು ಹಿಡಿದು, ಅದಕ್ಕೆ ಬಲ ತುಂಬಿ, ಕೇಬಲ್ಲಿನ ಮೂಲಕ ಗುಡ್ಡದ ಮೇಲಿನ ಕಬ್ಬಿಣದ ಕಂಬದ ತುದಿಯ ಆಂಟೆನಾಕ್ಕೆ ಕಳಿಸುವುದು ಅದರ ಕೆಲಸ. ಅಲ್ಲಿಂದ ಎಲ್ಲ ಬ್ಲಾಕಿಗೂ ಕೇಳಬೇಕು.

ಪೆಟ್ಟಿಗೆಯ ಮುಖದ ಮೇಲೆ ಹಸಿರು ದೀಪ ಒಂದು, ಕೆಂಪು ದೀಪ ಒಂದು. ಹಸಿರು ಅಂದರೆ ಸುಖವಾಗಿದ್ದೇನೆ ಅಂತ. ಕೆಂಪು ಅಂದರೆ ಏನು ಅಂತ ಮುಚ್ಚಳದ ಒಳಗೆ ಅಂಟಿಸಿದ ಕಾಗದದಲ್ಲಿ ಅಚ್ಚಾಗಿತ್ತು. ಕಳಿಸಿದ ಪವರ್ ಆಂಟೆನಾದಿಂದ ಹೊರಗೆ ಹೋಗದೆ ಕೇಬಲ್ಲಿನಲ್ಲೇ ವಾಪಸ್ ಬರುತ್ತಿದೆ, ಪೆಟ್ಟಿಗೆ ಸುಟ್ಟುಹೋಗದ ಹಾಗೆ ತಾನೇ ಬಲ ಕಡಿಮೆ ಮಾಡಿಕೊಂಡಿದೆ, ಕೂಡಲೇ ಆಂಟೆನಾ, ಕೇಬಲ್, ಅವೆರಡು ಸೇರುವ ಜಾಯಿಂಟ್ ನೋಡಿ ಅಂತ. ನಾನು ಒಂದು ಮಧ್ಯಾಹ್ನ ಕೂತು ಓದಿದ್ದೆ. ಗೌಡ್ರು ಆ ಕಾಗದ ಓದಿದ್ದನ್ನು ಯಾರೂ ನೋಡಿಲ್ಲ.

‘ಪುಸ್ತಕ ಓದಿ ರಿಪೇರಿ ಮಾಡುವವ ರಿಪೇರಿಯವನೇ ಅಲ್ಲ ಮೇಡಂ’ ಅನ್ನುತ್ತಿದ್ದರು. ‘ಇದರ ನಾಡಿ ಹಿಡಿಯಬೇಕು.’

ನಾಡಿ ಹಿಡಿಯುವುದು ಅಂದರೆ ಪೆಟ್ಟಿಗೆಯ ನೆತ್ತಿಯ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುವುದು. ಆಮೇಲೆ ಕಣ್ಣು ಬಿಟ್ಟು, ಟೀ ಲೋಟದ ಕಡೆ ಕೈ ಚಾಚುತ್ತಾ, ಒಂದೇ ಮಾತು: ‘ಎಂತ ಇಲ್ಲೆ.’ ಏನೂ ಇಲ್ಲ ಅಂತ. ಅವರ ಅರೆಭಾಷೆಯಲ್ಲಿ ಆ ಮಾತಿಗೆ ಒಂಥರಾ ಸಮಾಧಾನ ಇತ್ತು. ಕೇಳಿದವರಿಗೆ ನಿಜವಾಗಲೂ ಏನೂ ಇಲ್ಲ ಅನ್ನಿಸಿಬಿಡುತ್ತಿತ್ತು. ಫ್ಯಾನ್ ತಿರುಗದೆ ಪೆಟ್ಟಿಗೆ ಕಾವಲಿಯ ಹಾಗೆ ಕಾದಾಗಲೂ ‘ಎಂತ ಇಲ್ಲೆ’. ಇಲಿ ವೈರು ಕಡಿದು ಹೊಗೆ ಬಂದಾಗಲೂ ‘ಎಂತ ಇಲ್ಲೆ’. ಹೊಗೆಗೆ ಕೈ ಬೀಸಿ ದಾರಿ ಮಾಡಿಕೊಂಡು ಬಂದು ಹಾಗೆ ಹೇಳಿದ್ದರು, ಪುಣ್ಯಾತ್ಮ.

ಸಾಹುಕಾರರಿಗೆ ಮಾತ್ರ ಗೌಡ್ರು ಅಂದರೆ ಪ್ರಾಣ. ಅದಕ್ಕೆ ಕಾರಣ ಒಂದು ಟ್ಯೂಬ್‌ಲೈಟು. ಸಾಹುಕಾರರ ಹೋಂಸ್ಟೇಗೆ ದೊಡ್ಡ ಊರುಗಳಿಂದ ಗೆಸ್ಟ್‌ಗಳು ಬಂದಾಗ ಗೌಡ್ರಿಗೆ ಫೋನ್ ಹೋಗುತ್ತಿತ್ತು. ಅವರು ಒಂದು ಸಣ್ಣ ಆಂಟೆನಾವನ್ನು ಆಫೀಸಿನ ಅಂಗಳದಲ್ಲಿ ನಿಲ್ಲಿಸಿ, ಕಂಬದ ಕೇಬಲ್ ಕಿತ್ತು ಅದನ್ನೇ ಆಂಪ್ಲಿಫೈಯರಿಗೆ ಸಿಕ್ಕಿಸಿ, ಯಾವ ವೈರೂ ಇಲ್ಲದ ಟ್ಯೂಬ್‌ಲೈಟನ್ನು ಕೈಯಲ್ಲಿ ಹಿಡಿದು ಹತ್ತಿರ ತರುತ್ತಿದ್ದರು. ಟ್ಯೂಬು ಭಗ್ ಅಂತ ಹತ್ತಿಕೊಳ್ಳುತ್ತಿತ್ತು. ಗೆಸ್ಟ್‌ಗಳು ಚಪ್ಪಾಳೆ. ಮಕ್ಕಳು ಕೇಕೆ. ಗೌಡ್ರು ಟ್ಯೂಬನ್ನು ಗದೆಯ ಹಾಗೆ ಹೆಗಲ ಮೇಲಿಟ್ಟುಕೊಂಡು ಫೋಟೋಕ್ಕೆ ನಿಲ್ಲುತ್ತಿದ್ದರು. ಅಷ್ಟು ಹೊತ್ತು ತೋಟದ ಒಬ್ಬ ಮೇಸ್ತ್ರಿಗೂ ಒಂದು ಅಕ್ಷರ ಕೇಳುತ್ತಿರಲಿಲ್ಲ. ಯಾರು ಕೇಳಬೇಕು ಅದನ್ನೆಲ್ಲ? ಆನೆಯ ಸುದ್ದಿ ಬಡವರಿಗೆ ಬೇಕು, ಟ್ಯೂಬ್‌ಲೈಟು ಗೆಸ್ಟ್‌ಗಳಿಗೆ ಬೇಕು. ಯಾವುದು ಮೊದಲು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆನೆಯ ಕಥೆ ನಡೆದ ವರ್ಷ ಕೊಯ್ಲು ಶುರುವಾದ ಹೊಸತರಲ್ಲೇ ಕೆಂಪು ದೀಪ ಉರಿಯತೊಡಗಿತು. ಬೆಳಿಗ್ಗೆ ಮಸ್ಟರ್ ಮುಗಿದು ಗ್ಯಾಂಗುಗಳು ಹೊರಟ ಮೇಲೆ ನಾನು ಒಂದೊಂದೇ ಬ್ಲಾಕನ್ನು ಕರೆಯುತ್ತಿದ್ದೆ. ಹತ್ತಿರದವರು ಉತ್ತರ ಕೊಡುತ್ತಿದ್ದರು. ಹೊಳೆ ಬ್ಲಾಕಿನ ಸೆಲ್ವಿ ಮಾತ್ರ ಇಲ್ಲ. ಸೆಲ್ವಿ ನಮ್ಮ ತೋಟದ ಕೆಲಸದವರ ಲೈನ್ ಮನೆಗಳಲ್ಲೇ ಹುಟ್ಟಿ ಬೆಳೆದ ತಮಿಳು ಹೆಂಗಸು, ಕೊಯ್ಲಿನ ಮೇಸ್ತ್ರಿ. ಅವಳ ಗ್ಯಾಂಗಿನಲ್ಲಿ ಲೈನಿನ ಹೆಂಗಸರು, ಅಸ್ಸಾಂ ಕಡೆಯಿಂದ ಬಂದ ಹುಡುಗಿಯರು. ಕಾಡಿಗೆ ಎಲ್ಲರಿಗಿಂತ ಹತ್ತಿರ ಕೆಲಸ ಮಾಡುವವರು ಅವರೇ, ನನ್ನ ದನಿ ಕೇಳದವರೂ ಅವರೇ. ಹೊತ್ತು ಏರಿದ ಮೇಲೆ ಕರೆದರೆ ‘ರೈಟರಕ್ಕಾ, ಹೇಳಿ’ ಅಂತ ಗಂಟೆ ಹೊಡೆದ ಹಾಗೆ ಉತ್ತರ. ಅಷ್ಟು ಹೊತ್ತಿಗೆ ಕೆಂಪು ದೀಪವೂ ಆರಿರುತ್ತಿತ್ತು.

ಗೌಡ್ರಿಗೆ ಫೋನ್ ಮಾಡಿದೆ. ಬಂದರು. ಎಷ್ಟು ಹೊತ್ತಿಗೆ ಬಂದರು? ಮನೆಯಲ್ಲಿ ಕಡುಬು ಮುಗಿಸಿ, ಮಡಿಕೇರಿಯಲ್ಲಿ ಯಾರನ್ನೋ ಮಾತಾಡಿಸಿ, ಬಿಸಿಲು ಬೆನ್ನಿಗೆ ಬಿದ್ದ ಮೇಲೆ ಬಂದರು. ಚಳಿಗಾಲದ ಬೆಳಿಗ್ಗೆ ಸ್ಕೂಟರ್ ಓಡಿಸಿದರೆ ಅವರಿಗೆ ಶೀತ ಆಗುತ್ತಿತ್ತಂತೆ. ಪೆಟ್ಟಿಗೆಯ ಮುಂದೆ ನಿಂತರು. ಹಸಿರು ದೀಪ ಮದುಮಗಳ ಹಾಗೆ ನಗುತ್ತಿತ್ತು. ಅಂಗೈ ಇಟ್ಟರು, ಕಣ್ಣು ಮುಚ್ಚಿದರು.

‘ಎಂತ ಇಲ್ಲೆ.’

‘ಬೆಳಿಗ್ಗೆ ಇತ್ತು ಗೌಡ್ರೇ. ಮಂಜು ಇದ್ದಷ್ಟು ಹೊತ್ತೂ ಕೆಂಪು ಉರೀತದೆ. ಒಂದು ದಿನ ಬೆಳಿಗ್ಗೆ ಬಂದು ನೋಡಿ.’

‘ಅಲ್ಲ ಮೇಡಂ, ನೀವು ಬಂದಾಗ ಉರೀತದೆ, ನಾನು ಬಂದಾಗ ಆರ್ತದೆ. ತಪ್ಪು ಯಾರದು ಅಂತ ನೀವೇ ಯೋಚನೆ ಮಾಡಿ.’

ನಾನು ಬಾಯಿ ತೆರೆಯುವ ಮೊದಲೇ ಅವರ ಕಣ್ಣು ನನ್ನ ಕೈ ಮೇಲೆ ಬಿತ್ತು. ‘ಬಳೆ! ಬಳೆ ನೋಡಿ ಎಷ್ಟು ಹಾಕಿದ್ದೀರಿ! ಪವರ್ ಎಲ್ಲ ಅದಕ್ಕೇ ಹಿಡೀತದೆ’ ಅಂದರು. ನನ್ನದು ಗಾಜಿನ ಬಳೆ. ಗಾಜಿಗೆ ಏನು ಹಿಡಿಯುತ್ತದೆ ಅಂತ ಕೇಳಿದೆ. ‘ಅದು ನಿಮಗೆ ಅರ್ಥ ಆಗುದಿಲ್ಲೆ’ ಅಂದರು. ಮಾರನೇ ದಿನ ಬಳೆ ಬಿಚ್ಚಿಟ್ಟು ಬರಿಗೈಯಲ್ಲಿ ಕೂತೆ. ದೀಪ ಕೆಂಪಗೇ ಉರಿಯಿತು. ಆ ವಿಷಯ ಫೋನಿನಲ್ಲಿ ಹೇಳಿದಾಗ, ನಾನು ಸೆಟ್ಟಿನಲ್ಲಿ ಬಹಳ ಮಾತಾಡುತ್ತೇನೆ, ಪೆಟ್ಟಿಗೆಗೆ ಸುಸ್ತಾಗಿದೆ ಅಂದರು. ಮುಂದಿನ ಸಲ ಬಂದವರು ಏನು ಮಾಡಿದರು ಗೊತ್ತಾ? ಸೊಂಟದಿಂದ ಟೇಪಿನ ಸುರುಳಿ ತೆಗೆದು, ಹಲ್ಲಿನಲ್ಲಿ ಒಂದು ತುಂಡು ಕಚ್ಚಿ ಹರಿದು, ಕೆಂಪು ದೀಪದ ಮೇಲೆ ಅಂಟಿಸಿದರು.

‘ಇದು ಸಿಟ್ಟಿನ ಅತ್ತೆ ಇದ್ದ ಹಾಗೆ ತಂಗೀ. ಮುಖ ನೋಡ್ತಾ ಕೂತರೆ ಇನ್ನೂ ಕೆಂಪಾಗ್ತದೆ. ನೋಡದ ಹಾಗೆ ಇದ್ದುಬಿಡಿ, ತಾನೇ ತಣ್ಣಗಾಗ್ತದೆ. ಸ್ವಲ್ಪ ಟೀ ಸಿಗಬಹುದಾ?’

ಅವರು ಗೇಟು ದಾಟುವ ಮೊದಲೇ ನಾನು ಟೇಪು ಕಿತ್ತು ಬಿಸಾಕಿದೆ. ಸಾಹುಕಾರರ ಹತ್ತಿರ ಹೋಗಿ, ಬೇರೆ ಯಾರಿಗಾದರೂ ತೋರಿಸೋಣ ಸರ್ ಅಂದೆ. ಗೌಡ್ರೇ ನೋಡಿ ಏನೂ ಇಲ್ಲ ಅಂದ ಮೇಲೆ ಇನ್ನು ಯಾರಮ್ಮ ನೋಡುವವರು ಅಂದರು. ಅಂದಿನಿಂದ ನಾನು ಮಾಡಿದ್ದು ಇಷ್ಟೇ. ಬೆಳಿಗ್ಗೆ ದೀಪ ಆರುವ ತನಕ ಆ ಕೋಣೆಯ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂರುವುದು, ಸೆಲ್ವಿಯನ್ನು ಕರೆಯುವುದು, ಉತ್ತರ ಬಾರದೆ ಇದ್ದಾಗ ಗೌಡ್ರ ವಂಶವನ್ನೆಲ್ಲ ಮನಸ್ಸಿನಲ್ಲೇ ಬೈಯುವುದು. ಹೊಳೆ ಬ್ಲಾಕಿಗೆ ಗ್ಯಾಂಗನ್ನು ತಡವಾಗಿ ಕಳಿಸೋಣ ಅಂತಲೂ ಕೇಳಿ ನೋಡಿದೆ. ಹಣ್ಣು ಉದುರಿ ನೆಲಕ್ಕೆ ಬೀಳುತ್ತಿದೆ, ನಿನಗೆ ಆನೆಯ ಕನಸು ಅಂದರು ಸಾಹುಕಾರರು.

ಗೌಡ್ರು ಒಂದು ದಿನ ಬೆಳಿಗ್ಗೆ ಬಂದರು. ನನ್ನ ಮಾತು ಕೇಳಿ ಅಲ್ಲ. ಮಡಿಕೇರಿಯಲ್ಲಿ ಅವರ ತಂಗಿಯ ಮಗಳ ಮದುವೆ, ಇವರು ಸೋದರಮಾವ. ನಮ್ಮ ಸಾಹುಕಾರರಿಗೂ ಅದೇ ಮದುವೆಗೆ ಕರೆ ಇತ್ತು. ಅವರ ಕಾರಿನಲ್ಲಿ ಮುಂದಿನ ಸೀಟಿನಲ್ಲಿ ಕೂತು ಛತ್ರದ ಬಾಗಿಲಲ್ಲಿ ಇಳಿಯಬೇಕು ಅನ್ನುವುದು ಗೌಡ್ರ ಆಸೆ. ಮಂಜು ಕೈಗೆ ಸಿಗುವಷ್ಟು ದಟ್ಟವಾಗಿರುವಾಗಲೇ ಸ್ಕೂಟರಿನಲ್ಲಿ ಬಂದು ಇಳಿದರು. ಇಸ್ತ್ರಿ ಮಾಡಿದ ಬಿಳಿ ಪಂಚೆ, ಬಿಳಿ ಶರ್ಟು, ಹೆಗಲಿಗೆ ಜರಿಯ ಶಲ್ಯ, ತಲೆಗೆ ಮಾತ್ರ ಚಳಿಯ ಮಫ್ಲರು. ಸಾಹುಕಾರರು ಇನ್ನೂ ಬಂಗಲೆಯಲ್ಲಿ ಸ್ನಾನ ಮಾಡುತ್ತಿದ್ದರು.

‘ಒಂದು ಟೀ ಸಿಗ್ತದಾ ತಂಗೀ’ ಅನ್ನುತ್ತಾ ಒಳಗೆ ಬಂದರು. ನಾನು ಉತ್ತರ ಕೊಡುವ ಮೊದಲೇ ಮೇಜಿನ ಮೇಲಿನ ಸೆಟ್ಟು ಕರಕರ ಅಂತು. ಆನೆ ಕಾವಲಿನ ಮುತ್ತ. ಅವನು ಆಫೀಸಿಗೆ ಹತ್ತಿರದ ಇನ್ನೊಂದು ಗುಡ್ಡದ ಮೇಲಿನಿಂದ ನೋಡುತ್ತಿದ್ದ, ಅವನ ದನಿ ಬರುತ್ತಿತ್ತು.

‘ರೈಟರಕ್ಕಾ, ಹೊಳೆ ದಾಟಿದ್ದಾವೆ. ಮರಿ ಇರೋ ಗುಂಪು. ಮುಂದೆ ಒಂದು ಸಲಗ. ಸೀದಾ ಹೊಳೆ ಬ್ಲಾಕಿಗೇ ಹೋಗ್ತಾ ಉಂಟು. ಮಂಜಲ್ಲಿ ಎಷ್ಟಿದ್ದಾವೆ ಅಂತ ಕಾಣ್ತಾ ಇಲ್ಲ.’

‘ಸೆಲ್ವೀ, ಸೆಲ್ವೀ, ಕೇಳ್ತಾ ಇದೆಯಾ? ಸೆಲ್ವೀ!’ ಅಂತ ಕೂಗಿದೆ. ಒಳಗಿನ ಕೋಣೆಯಲ್ಲಿ ಕೆಂಪು ದೀಪ ಕುಂಕುಮದ ಹಾಗೆ ಉರಿಯುತ್ತಿತ್ತು. ಸೆಲ್ವಿಯ ಸುದ್ದಿ ಇಲ್ಲ. ಡ್ರೈವರಿಗೆ ಜೀಪು ತೆಗೆದುಕೊಂಡು ಓಡು ಅಂದೆ. ಓಡಿದ. ಆದರೆ ಜೀಪಿನ ದಾರಿ ಗುಡ್ಡವನ್ನೆಲ್ಲ ಸುತ್ತಿ ಹೋಗಬೇಕು. ಆನೆಗೆ ಹಾಗೆಲ್ಲ ಸುತ್ತುವ ಕೆಲಸ ಇಲ್ಲ.

ತಿರುಗಿ ನೋಡಿದರೆ ಗೌಡ್ರು ಪೆಟ್ಟಿಗೆಯ ಮುಂದೆ ನಿಂತಿದ್ದರು. ಅಷ್ಟು ವರ್ಷಗಳಲ್ಲಿ ಆ ಕೆಂಪು ದೀಪ ಉರಿಯುವುದನ್ನು ಅವರು ಮುಖಕ್ಕೆ ಮುಖ ಕೊಟ್ಟು ನೋಡಿದ್ದು ಅದೇ ಮೊದಲು. ಬಾಯಿ ಸ್ವಲ್ಪ ತೆರೆದಿತ್ತು. ಅಂಗೈ ಇಡಲಿಲ್ಲ, ಕಣ್ಣು ಮುಚ್ಚಲಿಲ್ಲ.

‘ಹೇಳಿ ಗೌಡ್ರೇ!’ ಅಂದೆ. ‘ಹೇಳಿ, ಎಂತ ಇಲ್ಲೆ ಅಂತ ಹೇಳಿ! ನನ್ನ ಬಳೆ ಬಿಚ್ಚಬೇಕಾ? ಅಲ್ಲಿ ಹೆಂಗಸರಿದ್ದಾರೆ ರೀ, ಹಣ್ಣು ಕುಯ್ಯೋಕೆ ತಲೆ ಬಗ್ಗಿಸಿಕೊಂಡಿರ್ತಾರೆ, ಆನೆ ಪಕ್ಕದಲ್ಲಿ ಬಂದು ನಿಂತರೂ ಆ ಮಂಜಲ್ಲಿ ಗೊತ್ತಾಗಲ್ಲ!’

ಗೌಡ್ರು ಪೆಟ್ಟಿಗೆ ಬಿಟ್ಟು ಈಚೆ ಬಂದರು. ಕಿಟಕಿಯಿಂದ ಕಂಬದ ಕಡೆ ನೋಡಿದರು. ಕಂಬದ ಅರ್ಧ ಮಾತ್ರ ಕಾಣುತ್ತಿತ್ತು, ಮೇಲಿನದ್ದು ಮಂಜಿನೊಳಗೆ. ‘ಪ್ಲಾಸ್ಟಿಕ್ಕು’ ಅಂದರು, ತಮಗೆ ತಾವೇ ಹೇಳಿಕೊಂಡ ಹಾಗೆ.

ಆ ಪ್ಲಾಸ್ಟಿಕ್ಕಿನ ಕಥೆ ನನಗೆ ಗೊತ್ತಿತ್ತು, ದೀಪದ ಜೊತೆ ಅದನ್ನು ಜೋಡಿಸಿ ನೋಡಿರಲಿಲ್ಲ ಅಷ್ಟೇ. ಮಳೆಗಾಲಕ್ಕೆ ಮುಂಚೆ ಕಂಬದ ತುದಿಯ ಜಾಯಿಂಟಿಗೆ ನೀರು ಇಳಿಯದ ಹಾಗೆ ರಬ್ಬರ್ ಟೇಪು ಸುತ್ತಬೇಕು. ಗೌಡ್ರು ಅದನ್ನು ತರಿಸುವ ಬದಲು ಕಣದಲ್ಲಿ ಕಾಫಿ ಮುಚ್ಚುವ ಪ್ಲಾಸ್ಟಿಕ್ ಹಾಳೆಯ ತುಂಡು ಕತ್ತರಿಸಿದ್ದರು. ಅವರಿಗೆ ಕಂಬ ಹತ್ತುವ ಅಭ್ಯಾಸ ಬಿಟ್ಟು ಎಷ್ಟೋ ವರ್ಷವಾಗಿತ್ತು. ಮರ ಹತ್ತಿ ಕಾಳುಮೆಣಸು ಕುಯ್ಯುವ ಒಬ್ಬನನ್ನು ಮೇಲೆ ಹತ್ತಿಸಿ, ತಾವು ಕೆಳಗೆ ಕೊಡೆ ಹಿಡಿದುಕೊಂಡು ನಿಂತು, ‘ಇನ್ನೂ ಬಿಗಿ! ಇನ್ನೂ ಬಿಗಿ! ಒಂದು ಹನಿ ಒಳಗೆ ಹೋಗಬಾರದು!’ ಅಂತ ಕೂಗಿ ಕಟ್ಟಿಸಿದ್ದರು. ಅವನು ಮೂಟೆ ಕಟ್ಟುವ ಹಾಗೆ ಸುತ್ತಿ ಸುತ್ತಿ ಕಟ್ಟಿದ್ದ. ಒಂದು ಹನಿ ಒಳಗೆ ಹೋಗಲಿಲ್ಲವೋ ಏನೋ, ಬೆಳಗಿನ ಮಂಜಿಗೆ ಅದರೊಳಗೇ ಬೆವರಿದ್ದು ಮಾತ್ರ ಹೊರಗೆ ಬರಲಿಲ್ಲ. ಬಿಸಿಲು ಬಿದ್ದು ಆ ಬೆವರು ಆರುವ ತನಕ ದೀಪ ಕೆಂಪು. ಬಿಸಿಲು ಬಿದ್ದ ಮೇಲೆ ಗೌಡ್ರು. ಇಷ್ಟೇ ಇದ್ದದ್ದು.

ಮೆಣಸಿನವರು ಯಾರೂ ಹತ್ತಿರ ಇರಲಿಲ್ಲ. ಗೌಡ್ರು ಶಲ್ಯ ತೆಗೆದು ನನ್ನ ಕುರ್ಚಿಯ ಮೇಲೆ ಹಾಕಿದರು. ಪಂಚೆ ಎತ್ತಿ ಕಚ್ಚೆ ಹಾಕಿದರು. ‘ಪೆಟ್ಟಿಗೆ ಆಫ್ ಮಾಡಿ. ನಾನು ಮೇಲೆ ಇರುವಾಗ ಪವರ್ ಬಂದರೆ ಕೈ ಸುಡ್ತದೆ. ನಾನು ಹೇಳುವ ತನಕ ನೀವು ಒಂದು ಅಕ್ಷರ ಮಾತಾಡಬಾರದು’ ಅಂದು ಗುಡ್ಡ ಹತ್ತಿದರು.

ನನಗೆ ಬಾಯಿ ಮುಚ್ಚಿಕೊಂಡಿರು ಅಂತ! ಅದೂ ಅಂಥ ಹೊತ್ತಲ್ಲಿ! ಪೆಟ್ಟಿಗೆ ಆಫ್ ಮಾಡಿದೆ. ಹಸಿರೂ ಇಲ್ಲ, ಕೆಂಪೂ ಇಲ್ಲ. ಮುತ್ತನ ದನಿಯೂ ಇಲ್ಲ. ಆನೆ ಎಲ್ಲಿಗೆ ಮುಟ್ಟಿತು, ಸೆಲ್ವಿ ಎಲ್ಲಿದ್ದಾಳೆ, ಒಂದೂ ಗೊತ್ತಿಲ್ಲ. ಹಿತ್ತಿಲ ಬಾಗಿಲಲ್ಲಿ ನಿಂತು ಮೇಲೆ ನೋಡಿದೆ. ಆ ವಯಸ್ಸಿನ ಆ ದಪ್ಪ ಮನುಷ್ಯ ಒದ್ದೆ ಕಬ್ಬಿಣಕ್ಕೆ ಮೈ ಒತ್ತಿಕೊಂಡು, ಒಂದು ಮೆಟ್ಟಿಲಿಗೆ ಒಂದು ಸಲ ನಿಂತು, ಉಸಿರು ತೆಗೆದುಕೊಂಡು, ಮತ್ತೆ ಹತ್ತುತ್ತಿದ್ದರು. ಒಂದು ಸಲ ಕಾಲು ಜಾರಿತು. ನಾನು ಕಣ್ಣು ಮುಚ್ಚಿದೆ. ಬಿಟ್ಟಾಗ ಬಿಳಿ ಪಂಚೆಯೂ ಮಂಜಿನೊಳಗೆ ಹೋಗಿತ್ತು. ಇವರು ಬೀಳಬಾರದು ದೇವರೇ ಅಂದುಕೊಂಡೆ. ಇಷ್ಟು ದಿನ ಬೈದ ಬಾಯಲ್ಲೇ ಅಂದುಕೊಂಡೆ. ಬಿದ್ದರೆ ಸೆಲ್ವಿಗೆ ಹೇಳುವವರು ಯಾರೂ ಇರುವುದಿಲ್ಲ ಅನ್ನುವುದೂ ಅದರಲ್ಲಿ ಸೇರಿತ್ತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಮೇಲಿಂದ ಪ್ಲಾಸ್ಟಿಕ್ ಹರಿಯುವ ಸದ್ದು. ನೀರು ತೊಟತೊಟ ಬಿದ್ದ ಸದ್ದು. ಜಾಯಿಂಟನ್ನು ಬಿಚ್ಚಿ, ತಲೆಯ ಮಫ್ಲರಿನಿಂದ ಒರೆಸಿ, ಬಾಯಿಂದ ಊದಿ, ಮತ್ತೆ ತಿರುಗಿಸಿ ಬಿಗಿದರಂತೆ. ನನಗೆ ಒಂದು ಯುಗ ಹಿಡಿಯಿತು ಅನ್ನಿಸಿತು.

‘ಈಗ ಮಾತಾಡಿ!’ ಅಂತ ಮಂಜಿನೊಳಗಿನಿಂದ ಕೂಗಿದರು. ‘ಬೇಗ ಮಾತಾಡಿ ಮಾರಾಯ್ತಿ!’

ಓಡಿ ಬಂದು ಪೆಟ್ಟಿಗೆ ಆನ್ ಮಾಡಿ ಸೆಟ್ಟು ಹಿಡಿದೆ. ‘ಸೆಲ್ವೀ!’ ಅಂದೆ. ಕೆಂಪು ದೀಪ ಹತ್ತಲಿಲ್ಲ.

‘ರೈಟರಕ್ಕಾ, ಹೇಳಿ’ ಅಂದಳು ಸೆಲ್ವಿ.

‘ಆನೆ ನಿಮ್ಮ ಕಡೆಗೇ ಬರ್ತಾ ಇದೆ. ಮರಿ ಇದೆ. ಎಲ್ಲರನ್ನೂ ಕರ್ಕೊಂಡು ಪಂಪ್‌ಹೌಸಿನ ಒಳಗೆ ಹೋಗು. ಸಾಮಾನು ಬಿಡು, ಚೀಲ ಬಿಡು, ಓಡು!’

‘ಅಯ್ಯಯ್ಯೋ, ಸರಿ ಅಕ್ಕಾ’ ಅಂದಳು. ಆಮೇಲೆ ಸೆಟ್ಟಿನ ಗುಂಡಿ ಒತ್ತಿಕೊಂಡೇ ಓಡಿದಳು ಅಂತ ಕಾಣುತ್ತದೆ. ಹೆಂಗಸರ ಕೂಗು, ಗಿಡ ಮುರಿಯುವ ಸದ್ದು, ಅಸ್ಸಾಮಿ ಹುಡುಗಿಯರ ಮಾತು, ಎಲ್ಲ ಆಫೀಸಿನಲ್ಲಿ ಕೇಳಿಸಿತು. ಕೊನೆಗೆ ಕಬ್ಬಿಣದ ಬಾಗಿಲು ದಡ್ ಅಂತ ಮುಚ್ಚಿತು. ಜೀಪು ಅಲ್ಲಿಗೆ ಮುಟ್ಟುವ ಹೊತ್ತಿಗೆ ಆನೆಗಳು ಕೊಯ್ದಿಟ್ಟ ಚೀಲಗಳನ್ನೆಲ್ಲ ತುಳಿದು, ಬುತ್ತಿಯ ಡಬ್ಬಿಗಳನ್ನು ಮೆಟ್ಟಿ, ಮೇಲಿನ ತೋಟಕ್ಕೆ ದಾಟಿದ್ದವು. ಸೆಲ್ವಿ ಸಂಜೆ ಅವಳ ಬುತ್ತಿ ಡಬ್ಬಿಯನ್ನು ತಂದು ನನ್ನ ಮೇಜಿನ ಮೇಲಿಟ್ಟಳು. ಅಕ್ಕಿರೊಟ್ಟಿಯ ಹಾಗೆ ಚಪ್ಪಟೆಯಾಗಿತ್ತು.

ಗೌಡ್ರು ಇಳಿದು ಬಂದರು. ಅಂಗೈ ತರಚಿ ರಕ್ತ ಬಂದಿತ್ತು, ಪಂಚೆ ಮಂಡಿಯವರೆಗೆ ಹರಿದು ತುಕ್ಕಿನ ಕಲೆ ಹಿಡಿದಿತ್ತು. ಸೀದಾ ಪೆಟ್ಟಿಗೆಯ ಹತ್ತಿರ ಹೋಗಿ ನೋಡಿದರು. ಹಸಿರು. ನನ್ನ ಕಡೆ ತಿರುಗಿ, ಇನ್ನೂ ಏದುಸಿರು ಬಿಡುತ್ತಲೇ ಹೇಳಿದರು:

‘ನೋಡಿದ್ರಾ ಮೇಡಂ? ಎಂತ ಇಲ್ಲೆ.’

ಪೊರಕೆ ಕೈಗೆ ಸಿಕ್ಕಿದ್ದರೆ ಬಾರಿಸುತ್ತಿದ್ದೆ. ಅದರ ಬದಲು ಟೀ ಮಾಡಿಕೊಟ್ಟೆ. ಕುಡಿಯುವಾಗ ಲೋಟ ಹಲ್ಲಿಗೆ ಬಡಿಯುತ್ತಿತ್ತು. ಹೊರಡುವ ಮುಂಚೆ ಆ ಹರಿದ ಪ್ಲಾಸ್ಟಿಕ್ಕನ್ನು ಮಡಚಿ, ಯಾರಿಗೂ ಕಾಣದ ಹಾಗೆ ಸ್ಕೂಟರಿನ ಡಿಕ್ಕಿಯೊಳಗೆ ಹಾಕಿದ್ದನ್ನು ನಾನು ಕಿಟಕಿಯಿಂದ ನೋಡಿದೆ. ಸಾಹುಕಾರರು ಸೆಂಟು ಹಾಕಿಕೊಂಡು ಬಂದು ಏನಾಯಿತು ಅಂತ ಕೇಳಿದರೆ, ‘ಕಂಬದ ತುದಿಯಲ್ಲಿ ಪವರ್ ಸಿಕ್ಕಿಕೊಂಡಿತ್ತು ಸರ್, ಹತ್ತಿ ಬಿಡಿಸಿದೆ’ ಅಂದರು. ಸಾಹುಕಾರರು ಬೆನ್ನು ತಟ್ಟಿದರು. ಛತ್ರದಲ್ಲಿ ಧಾರೆಗೆ ಸೋದರಮಾವನನ್ನು ಕಾದು ಕಾದು, ಕೊನೆಗೆ ದೂರದ ಯಾರನ್ನೋ ನಿಲ್ಲಿಸಿ ಮುಗಿಸಿದ್ದರಂತೆ. ಇವರು ಹರಿದ ಪಂಚೆಯಲ್ಲಿ ಊಟದ ಪಂಕ್ತಿಗೆ ಹೋಗಿ ಕೂತರಂತೆ. ತಂಗಿ ಬಹಳ ದಿನ ಮಾತು ಬಿಟ್ಟಿದ್ದಳು ಅಂತ ಆಮೇಲೆ ಗೊತ್ತಾಯಿತು.

ಆ ವಾರವೇ ರಬ್ಬರ್ ಟೇಪು ಬಂತು. ಯಾರು ತರಿಸಿದರು, ಯಾಕೆ ತರಿಸಿದರು ಅಂತ ಗೌಡ್ರು ಬಾಯಿ ಬಿಡಲಿಲ್ಲ. ಮುಂದೆ ಅವರು ಬೆಳಿಗ್ಗೆ ಬರತೊಡಗಿದರು ಅಂತ ನೀವು ಅಂದುಕೊಂಡರೆ, ನಿಮಗೆ ಗೌಡ್ರು ಇನ್ನೂ ಅರ್ಥ ಆಗಿಲ್ಲ. ಕಡುಬು ಮುಗಿಸಿ ಬಿಸಿಲು ಬಂದ ಮೇಲೆಯೇ ಬಂದರು, ಅಂಗೈ ಇಟ್ಟರು, ಕಣ್ಣು ಮುಚ್ಚಿದರು. ನನ್ನ ಬಳೆಯ ಮೇಲಿನ ಅನುಮಾನವನ್ನೂ ಬಿಡಲಿಲ್ಲ. ಊರಿನ ತುಂಬ ಆನೆಯ ಕಥೆ ಬೆಳೆಯಿತು. ಮೊದಲು ಆನೆ ಗ್ಯಾಂಗಿನ ಪಕ್ಕದಲ್ಲಿತ್ತು, ಆಮೇಲೆ ಸೊಂಡಿಲು ಸೆಲ್ವಿಯ ತಲೆಯ ಮೇಲಿತ್ತು, ಗೌಡ್ರು ಸಾಯುವ ಹೊತ್ತಿಗೆ ಸೆಲ್ವಿಯೇ ಆನೆಯ ಕಾಲಡಿಗೆ ಬಂದಿದ್ದಳು. ಪ್ಲಾಸ್ಟಿಕ್ಕು ಯಾರ ಕಥೆಯಲ್ಲೂ ಬರಲಿಲ್ಲ.

ಸಂಪಾಜೆಗೆ ಸಾವಿನ ಮನೆಗೆ ಹೋದಾಗ ಸೆಲ್ವಿಯೂ ನನ್ನ ಜೊತೆ ಬಂದಳು. ಅಲ್ಲಿ ಹೋಗಿ ಜೋರಾಗಿ ಅತ್ತಳು. ವಾಪಸ್ ಬರುವಾಗ ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ. ‘ಅಷ್ಟು ಅಳ್ತೀಯಲ್ಲ, ಆ ಪ್ಲಾಸ್ಟಿಕ್ ಕಟ್ಟಿಸಿದ್ದೇ ಅವರು, ಗೊತ್ತಾ?’ ಅಂದೆ.

‘ಗೊತ್ತು ಅಕ್ಕಾ. ಮೆಣಸಿನವನು ಆವತ್ತೇ ಹೇಳಿದ’ ಅಂದಳು. ‘ಕಟ್ಟಿಸಿದ್ರು. ಆದ್ರೆ ಹತ್ತಿದ್ರಲ್ಲ ಅಕ್ಕಾ. ನಮಗೆ ಅಂತ ಯಾರು ಹತ್ತುತಾರೆ?’

ಕಂಡಕ್ಟರ್ ಬಂದಾಗ ಅವಳ ಟಿಕೆಟ್ಟನ್ನೂ ನಾನೇ ತೆಗೆದೆ.

ಈಗ ಪೆಟ್ಟಿಗೆ ನೋಡಿಕೊಳ್ಳಲು ಮೈಸೂರಿನ ಒಂದು ಕಂಪನಿಯ ಹುಡುಗರು ಬರುತ್ತಾರೆ. ಕುತ್ತಿಗೆಗೆ ಕಾರ್ಡು, ಕೈಯಲ್ಲಿ ಲ್ಯಾಪ್‌ಟಾಪು. ಈ ವರ್ಷದ ಕೊಯ್ಲಿನಲ್ಲಿ ಕೆಂಪು ದೀಪ ಮತ್ತೆ ಶುರುವಾಯಿತು. ಬೆಳಿಗ್ಗೆ ಉರಿಯುತ್ತದೆ, ಹೊತ್ತೇರಿದ ಮೇಲೆ ಆರುತ್ತದೆ. ಕಂಪನಿಗೆ ಹೇಳಿದೆ. ಇಂಜಿನಿಯರ್ ಬಂದ. ಎಷ್ಟು ಹೊತ್ತಿಗೆ? ಸರಿಯಾಗಿ ಹೇಳಿದಿರಿ, ಬಿಸಿಲು ಬಂದ ಮೇಲೆ. ಲ್ಯಾ‌ಪ್‌ಟಾಪು ಸಿಕ್ಕಿಸಿ, ಏನೇನೋ ಗೆರೆ ಓಡಿಸಿ, ‘ನೋ ಫಾಲ್ಟ್ ಫೌಂಡ್ ಮೇಡಂ’ ಅಂದ. ನಾನು ನಕ್ಕುಬಿಟ್ಟೆ. ಗೌಡ್ರು ಇಂಗ್ಲಿಷ್ ಕಲಿತು ಪ್ಯಾಂಟು ಹಾಕಿಕೊಂಡು ವಾಪಸ್ ಬಂದ ಹಾಗಿತ್ತು. ಬೆಳಿಗ್ಗೆ ಬಂದು ಆ ಕಂಬ ಹತ್ತಿ ಜಾಯಿಂಟು ನೋಡಪ್ಪ ಅಂದೆ. ಕಂಬ ಹತ್ತುವುದು ನಮ್ಮ ಕೆಲಸದಲ್ಲಿ ಬರುವುದಿಲ್ಲ ಮೇಡಂ ಅಂದ. ಟೀ ಕೂಡ ಬೇಡ ಅಂದ.

ಇವತ್ತು ಬೆಳಿಗ್ಗೆ ಮಂಜು ದಟ್ಟವಾಗಿತ್ತು. ದೀಪ ಕೆಂಪಗೆ ಉರಿಯಿತು. ನಾನು ಸೆಲ್ವಿಯ ಗ್ಯಾಂಗನ್ನು ಹೊಳೆ ಬ್ಲಾಕಿಗೆ ಕಳಿಸಲಿಲ್ಲ. ಎಲ್ಲರೂ ಕಣದಲ್ಲಿ ಸಾಲಾಗಿ ಕೂತರು. ಸ್ವಲ್ಪ ಹೊತ್ತಿಗೆ ಸಾಹುಕಾರರ ಫೋನು ಬಂತು.

‘ಏನಮ್ಮ, ಗ್ಯಾಂಗು ಇನ್ನೂ ಕಣದಲ್ಲೇ ಇದೆಯಂತೆ? ಇಂಜಿನಿಯರ್ ಏನೂ ತೊಂದರೆ ಇಲ್ಲ ಅಂತ ಹೇಳಿ ಹೋಗಿದ್ದಾರಲ್ಲ?’

‘ತೊಂದರೆ ಇದೆ ಸರ್. ನನ್ನ ಕಣ್ಣ ಮುಂದೆ ಉರೀತಾ ಇದೆ. ಬಂದು ನೋಡಿ. ಈಗಲೇ ಬನ್ನಿ ಸರ್, ತಿಂಡಿ ಮುಗಿಸಿ ಅಲ್ಲ. ದೀಪ ಆರೋ ತನಕ ನಾನು ಯಾರನ್ನೂ ಕಳಿಸಲ್ಲ.’

ಫೋನಿಟ್ಟು ಹಿತ್ತಿಲ ಬಾಗಿಲಿಗೆ ಬಂದೆ. ಸೆಲ್ವಿ ಬಂದು ಪಕ್ಕದಲ್ಲಿ ನಿಂತಳು. ಇಬ್ಬರೂ ಕಂಬದ ಕಡೆ ನೋಡಿದೆವು. ಅರ್ಧದ ಮೇಲೆ ಏನೂ ಕಾಣಿಸಲಿಲ್ಲ. ಅಲ್ಲೆಲ್ಲೋ ಮಂಜಿನೊಳಗೆ ಒಂದು ಬಿಳಿ ಪಂಚೆ ಏದುಸಿರು ಬಿಡುತ್ತಾ ಹತ್ತುತ್ತಿರಬಾರದಾ ಅನ್ನಿಸಿತು. ಸಾವಿನ ಸುದ್ದಿ ಬಂದ ದಿನ ನೆತ್ತಿಗೇರಿದ್ದು ಉಪ್ಪಿಟ್ಟೇ. ಇವತ್ತು ಕಣ್ಣಲ್ಲಿ ನೀರು ಬಂದದ್ದಕ್ಕೆ ಬಾಯಲ್ಲಿ ಏನೂ ಇರಲಿಲ್ಲ.

ಗೌಡ್ರೇ, ನಿಮ್ಮನ್ನು ಬಾಯಿ ತುಂಬ ಬೈಯೋಕಾದರೂ ಇನ್ನೊಂದು ಸಲ ಬೆಳಿಗ್ಗೆ ಬನ್ನಿ.